ನನ್ನ ಕಂಪ್ಯೂಟರಿನ ಅಮಾವಾಸ್ಯೆ

ಸುಳ್ಳು ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಫಜಲಪುರದಲ್ಲಿ ತಹಶೀಲ್ ಕಚೇರಿ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡವಳಿಗೆ ಅಂಥವರ ಬರವಿಲ್ಲ. ಆದರೆ ನನ್ನ ಕಂಪ್ಯೂಟರಿನ ಅಪ್‌ಡೇಟ್‌ನಷ್ಟು ನಯವಾಗಿ, ನಾಚಿಕೆಗೆಟ್ಟು ಸುಳ್ಳು ಹೇಳುವವರನ್ನು ಇನ್ನೂ ಕಂಡಿಲ್ಲ. ‘ಇನ್ನೇನು ಮುಗಿಯಿತು, ಸ್ವಲ್ಪ ತಾಳಿ, ಕಂಪ್ಯೂಟರ್ ಬಂದ್ ಮಾಡಬೇಡಿ’ ಎಂದು ನೀಲಿ ಪರದೆಯ ಮೇಲೆ ಬರೆದುಕೊಂಡು ಇಪ್ಪತ್ತೇಳು ಪರ್ಸೆಂಟಿಗೆ ಬಂದು ಕೂತರೆ ಕೂತೇಬಿಡುತ್ತಿತ್ತು. ಚಹಾ ಕುಡಿದು ಬಂದರೂ ಇಪ್ಪತ್ತೇಳು, ಮನೆಗೆ ಹೋಗಿ ರೊಟ್ಟಿ ತಿಂದು ಬಂದರೂ ಇಪ್ಪತ್ತೇಳು. ಅಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಬಂದ ಮೇಲೆ ‘ಬದಲಾವಣೆಗಳನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ’ ಎಂದು ಮತ್ತೊಂದು ತಾಸು. ಮರುದಿನ ಮತ್ತೆ ಮೊದಲಿನಿಂದ.

ನಾನು ಆಳಂದದವಳು. ಅವ್ವ ಭೂಸನೂರ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದಳು, ನನ್ನನ್ನು ಮಾತ್ರ ಕುಡುಗೋಲು ಮುಟ್ಟಲು ಬಿಡಲಿಲ್ಲ. ಆಳಂದದ ಟೈಪಿಂಗ್ ಕ್ಲಾಸಿನಲ್ಲಿ ಕನ್ನಡ ಸೀನಿಯರ್ ಪಾಸು ಮಾಡಿದೆ. ಲಗ್ನವಾಗಿ ಜೇವರ್ಗಿಗೆ ಹೋದೆ, ಅಲ್ಲಿ ವಕೀಲರೊಬ್ಬರ ಕೈಕೆಳಗೆ ಆರು ವರ್ಷ ಟೈಪ್ ಮಾಡಿದೆ, ಆಮೇಲೆ ಇಲ್ಲಿ ಸ್ವಂತ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಹಳೆಯ ಝೆರಾಕ್ಸ್ ಮಷೀನು. ನನ್ನ ಕೆಲಸದಲ್ಲಿ ತಪ್ಪು ಹುಡುಕಿದವರು ಇಲ್ಲ ಎಂದು ನಾನು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಳ್ಳುತ್ತಿದ್ದೆ ಎನ್ನುವುದನ್ನು ಗಮನಿಸಬೇಕು.

ಅಪ್‌ಡೇಟ್‌ನ ಕಾಟಕ್ಕೆ ಕಲಬುರಗಿಯಿಂದ ಒಬ್ಬ ಎಂಜಿನಿಯರನನ್ನು ಕರೆಸಿದೆ. ಎಂಜಿನಿಯರ್ ಎಂದು ಅವನೇ ಹೇಳಿಕೊಂಡದ್ದು. ಬಂದವನು ಕಂಪ್ಯೂಟರ್ ಆರಿಸಿ ಹಚ್ಚಿದ. ಅದನ್ನು ನಾನು ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದೆ, ಬಸ್ ಹತ್ತಿ ಬಂದು ಮಾಡುತ್ತಿರಲಿಲ್ಲ ಅಷ್ಟೇ. ಆಮೇಲೆ ನಿಮ್ಮ ನೆಟ್ ಸ್ಲೋ ಅಂದ. ಮೊಬೈಲಿನ ನೆಟ್ ಅದು, ಅಫಜಲಪುರದಲ್ಲಿ ಮಧ್ಯಾಹ್ನ ಎಲ್ಲರದೂ ಸ್ಲೋ. ಕೊನೆಗೆ ಎಲ್ಲ ಅಳಿಸಿ ಹೊಸದಾಗಿ ಹಾಕೋಣ, ಆದರೆ ನಿಮ್ಮ ಫೈಲುಗಳು ಉಳಿಯುತ್ತವೆಂದು ಗ್ಯಾರಂಟಿ ಕೊಡುವುದಿಲ್ಲ ಅಂದ. ಇಂಥ ರಿಪೇರಿಗೆ ಎಂಜಿನಿಯರ್ ಯಾಕೆ, ಸುತ್ತಿಗೆ ಸಾಕು. ಚಹಾ ಕುಡಿಸಿ ಕಳಿಸಿದೆ.

ದಾರಿ ನಾನೇ ಹುಡುಕಿದೆ, ಅದೂ ಒಂದು ಅಮಾವಾಸ್ಯೆಯ ದಿನ. ಅವತ್ತು ನಮ್ಮ ಕಡೆ ಯಾರೂ ಕಾಗದಪತ್ರ ಮಾಡುವುದಿಲ್ಲ. ಟ್ರ್ಯಾಕ್ಟರಿಗೆ ಕಾಯಿ ಒಡೆಯುತ್ತಾರೆ, ಅಂಗಡಿಗೆ ನಿಂಬೆಹಣ್ಣು ಕಟ್ಟುತ್ತಾರೆ, ಸಹಿ ಮಾತ್ರ ಮಾಡುವುದಿಲ್ಲ. ನಮ್ಮದು ಬೌದ್ಧರ ಮನೆ. ಹುಣ್ಣಿಮೆಗೆ ವಂದನೆ ಇದೆ, ಅಮಾವಾಸ್ಯೆಗೆ ಹೆದರಿಕೆಯಿಲ್ಲ. ಉಳಿದವರು ಮನೆಯಲ್ಲಿ ಕೂತ ದಿನ ನಾನು ಬೇಕೆಂತಲೇ ಬಾಗಿಲು ತೆಗೆಯುತ್ತೇನೆ. ಗಿರಾಕಿ ಒಬ್ಬರೂ ಬರುವುದಿಲ್ಲ. ಹಾಗೆ ನೊಣ ಹೊಡೆಯುತ್ತ ಕೂತಿದ್ದಾಗ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಒಂದು ಗುಂಡಿ ಕಂಡಿತು. ಅಪ್‌ಡೇಟನ್ನು ಒಂದು ವಾರ ತಡೆಹಿಡಿಯಬಹುದು, ವಾರ ಮುಗಿದ ಮೇಲೆ ಅದು ಮತ್ತೆ ಎದ್ದು ಬರುತ್ತದೆ. ಹಾಗಾದರೆ ವಾರವೇ ಮುಗಿಯದಂತೆ ಮಾಡಿದರೆ? ಗಡಿಯಾರ ತಾನೇ ಸರಿಹೊಂದಿಸಿಕೊಳ್ಳುವುದನ್ನು ತಪ್ಪಿಸಿ, ಅಂದಿನಿಂದ ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕಂಪ್ಯೂಟರಿನ ತಾರೀಖನ್ನು ಹಿಂದಕ್ಕೆ ತಿರುಗಿಸಿ ಅದೇ ಅಮಾವಾಸ್ಯೆಯ ದಿನಕ್ಕೆ ತಂದು ನಿಲ್ಲಿಸತೊಡಗಿದೆ. ಹೊರಗೆ ದಿನಗಳು ಹೋಗುತ್ತಿದ್ದವು, ನನ್ನ ಕಂಪ್ಯೂಟರಿಗೆ ದಿನಾ ಅಮಾವಾಸ್ಯೆ.

ಅಪ್‌ಡೇಟ್ ಸುಮ್ಮನೆ ಬಿದ್ದುಕೊಂಡಿತು. ತಾರೀಖು ತಪ್ಪಾಗಿದ್ದರಿಂದ ವೆಬ್‌ಸೈಟುಗಳು ತೆರೆಯುತ್ತಿರಲಿಲ್ಲ, ಆ ಕೆಲಸ ಮೊಬೈಲಿನಲ್ಲಿ ಮಾಡಿಕೊಂಡೆ. ಎಂಜಿನಿಯರನಿಗೆ ಆಗದ್ದು ನನಗೆ ಆಯಿತು ಎಂದು ಎಷ್ಟು ಹಿಗ್ಗಿದೆನೆಂದರೆ, ಕೇಳದವರನ್ನೂ ಕರೆದು ಹೇಳಿದೆ.

ನನ್ನ ಅಂಗಡಿ ಎದುರು ಬೇವಿನ ಗಿಡದ ಕೆಳಗೆ ಒಬ್ಬ ಮುದುಕ ಕೂರುತ್ತಾನೆ. ಮೊದಲು ಎಲ್ಲೋ ಗುಮಾಸ್ತನಾಗಿದ್ದವನು, ಈಗ ಕೈಯಲ್ಲಿ ಅರ್ಜಿ ಬರೆದುಕೊಡುತ್ತಾನೆ. ಯಾವ ಅರ್ಜಿ ಬರೆದರೂ ತಾರೀಖಿನ ಜಾಗ ಖಾಲಿ ಬಿಡುತ್ತಾನೆ. ಜನ ಕಾಗದ ಬರೆಸುವುದು ಒಂದು ದಿನ, ಒಳ್ಳೆಯ ದಿನ ನೋಡಿ ಸಹಿ ಮಾಡುವುದು ಇನ್ನೊಂದು ದಿನ. ಸಹಿ ಮಾಡುವಾಗ ತಾರೀಖು ತಾವೇ ಬರೆದುಕೊಳ್ಳುತ್ತಾರೆ. ಈ ಊರಿನಲ್ಲಿ ಅದೇ ಪದ್ಧತಿ. ನನಗೆ ಇದು ಸೇರುತ್ತಿರಲಿಲ್ಲ. ಟೈಪಿಂಗ್ ಕಲಿತವಳು ನಾನು, ಕಾಗದದಲ್ಲಿ ಖಾಲಿ ಜಾಗ ಬಿಟ್ಟು ಪಂಚಾಂಗ ನೋಡಿಕೊಂಡು ಬನ್ನಿ ಎನ್ನಲೇ? ಹೋದ ವರ್ಷವೇ ನನ್ನ ಅಫಿಡವಿಟ್, ಒಪ್ಪಿಗೆ ಪತ್ರಗಳ ನಮೂನೆಯಲ್ಲಿ ಕಂಪ್ಯೂಟರ್ ತಾನೇ ಆ ದಿನದ ತಾರೀಖು ಹಾಕುವಂತೆ ಮಾಡಿಟ್ಟಿದ್ದೆ. ಇವತ್ತು ಟೈಪ್ ಮಾಡಿದರೆ ಇವತ್ತಿನ ತಾರೀಖು, ಮುಗಿಯಿತು. ನಿಮ್ಮ ಅಮಾವಾಸ್ಯೆ ನಿಮ್ಮ ಮನೆಯಲ್ಲಿಟ್ಟುಕೊಳ್ಳಿ.

ಕಂಪ್ಯೂಟರಿನ ದಿನವನ್ನು ನಾನೇ ಕೆಡಿಸಿದ್ದೇನೆ, ಆ ನಮೂನೆ ಅಲ್ಲಿಂದಲೇ ತಾರೀಖು ತೆಗೆದುಕೊಳ್ಳುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಉಳಿದ ಅರ್ಜಿಗಳಲ್ಲಿ ತಾರೀಖನ್ನು ಕೈಯಾರೆ ಒತ್ತುತ್ತಿದ್ದೆ, ಅವು ಸರಿಯಾಗಿಯೇ ಹೋಗುತ್ತಿದ್ದವು. ಅಫಿಡವಿಟ್ಟಿನ ಕೊನೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬೀಳುವ ತಾರೀಖನ್ನು ನಾನೂ ನೋಡಲಿಲ್ಲ, ತೆಗೆದುಕೊಂಡು ಹೋದವರೂ ನೋಡಲಿಲ್ಲ. ನನ್ನ ಕೆಲಸದಲ್ಲಿ ತಪ್ಪು ಹುಡುಕಬಾರದೆಂದು ಅವರಿಗೆಲ್ಲ ನಾನೇ ಕಲಿಸಿಟ್ಟಿದ್ದೆ.

ಹೀಗೆ ಸುಮಾರು ಮೂರು ವಾರ ನಡೆದಿರಬೇಕು. ಒಂದು ಮಧ್ಯಾಹ್ನ ಎರಡು ಗಂಟೆಗೆ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು, ಹೊಲದ ಕೆಲಸದ ಕೈಗಳು. ಜೇವರ್ಗಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟ ಹೆಣ್ಣುಮಗಳು, ಎರಡು ಬಸ್ ಬದಲಿಸಿ ಬಂದಿದ್ದಳು. ತವರು ಸೊನ್ನದ ಬ್ಯಾರೇಜಿನ ಹತ್ತಿರ. ತಂದೆ ತೀರಿಕೊಂಡಿದ್ದ. ಅವನ ಹೊಲವನ್ನು ಇಬ್ಬರು ಅಣ್ಣಂದಿರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಟ್ಟಿದ್ದರು. ಭೀಮಾ ನದಿಯ ನೀರು ಹತ್ತುವ ಹೊಲ, ಅಲ್ಲಿನ ಕಬ್ಬು ಹವಳಗಾದ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ. ಅರ್ಜಿಯ ಜೊತೆ ಒಂದು ಒಪ್ಪಿಗೆ ಪತ್ರ: ತಂದೆಯ ಹೊಲದಲ್ಲಿ ನನಗೆ ಪಾಲು ಬೇಡ, ಅಣ್ಣಂದಿರ ಹೆಸರಿಗಾಗಲಿ, ನನ್ನ ತಕರಾರಿಲ್ಲ, ಎಂದು ತಂಗಿಯೇ ಬರೆದುಕೊಟ್ಟಂತೆ. ಕೆಳಗೆ ಅವಳ ಸಹಿ. ತಕರಾರು ಇದ್ದರೆ ಕೊಡಲು ನೋಟಿಸಿನಲ್ಲಿ ಗಡುವು ಹಾಕಿದ್ದರು. ಅದು ಅವತ್ತೇ, ಸಂಜೆ ಐದಕ್ಕೆ. ಅಷ್ಟರೊಳಗೆ ಅವಳ ತಕರಾರು ಅಫಿಡವಿಟ್ ಸಮೇತ ಒಳಗೆ ಹೋಗದಿದ್ದರೆ ಅಪ್ಪನ ಹೊಲದಲ್ಲಿ ಅವಳ ಹೆಸರು ಇರುವುದಿಲ್ಲ.

ನೋಟಿಸಿನ ಜೊತೆ ಆ ಒಪ್ಪಿಗೆ ಪತ್ರದ ಝೆರಾಕ್ಸನ್ನೂ ಅವಳು ಕೊಟ್ಟಳು. ನಾನು ಅದನ್ನು ಓದದೆ ಮೇಜಿನ ಮೇಲಿಟ್ಟೆ. ಬಾಯಿಮಾತಿನಲ್ಲಿ ಕೇಳಿದ್ದೇ ಸಾಕು, ಇಂಥವು ಎಷ್ಟು ನೋಡಿಲ್ಲ ಎಂಬ ಧಿಮಾಕು. ಸಹಿ ನಿನ್ನದಲ್ಲ ಎನ್ನಲು ಏನು ಆಧಾರ ಎಂದು ಕೇಳಿದೆ.

“ಅದ್ರಾಗಿನ ತಾರೀಖು ಅಮಾಸಿದೈತ್ರಿ,” ಅಂದಳು. “ಅಮಾಸಿ ದಿನ ನಾ ಕಾಗದಕ್ಕ ಕೈ ಹಚ್ಚಾಕಿ ಅಲ್ಲ.”

ನನಗೆ ನಗು ಬಂತು, ನಕ್ಕೂಬಿಟ್ಟೆ. ಕಚೇರಿಯಲ್ಲಿ ಇದನ್ನು ಹೇಳಿದರೆ ಸಾಹೇಬರೂ ನಗುತ್ತಾರೆ, ಇದನ್ನೆಲ್ಲ ಬರೆಯಲಾಗುವುದಿಲ್ಲ ಎಂದೆ. ಸಹಿ ನನ್ನದಲ್ಲ, ನನಗೆ ತಿಳಿಸಿಲ್ಲ, ನನ್ನ ಪಾಲು ನನಗೆ ಬೇಕು, ಇಷ್ಟೇ ಬರೆಯುತ್ತೇನೆ ಎಂದೆ. ಅವಳು ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಟೈಪ್ ಮಾಡಿ, ಬಾಂಡ್ ಪೇಪರ್ ಹಾಳಾಗಬಾರದೆಂದು ಮೊದಲು ಬಿಳಿ ಹಾಳೆಯ ಮೇಲೆ ಪ್ರಿಂಟ್ ತೆಗೆದೆ. ಗಿರಾಕಿಗೆ ಓದಿ ಹೇಳಿ, ಹೌದೆನ್ನಿಸಿಕೊಂಡ ಮೇಲೆಯೇ ಬಾಂಡಿನ ಮೇಲೆ ತೆಗೆಯುವುದು ನನ್ನ ಕ್ರಮ. ಓದಿದೆ. ಎಲ್ಲದಕ್ಕೂ ಹೌದ್ರಿ ಅಂದಳು. ಅವಳಿಗೆ ಅಕ್ಷರ ಬರುವುದಿಲ್ಲ, ತನ್ನ ಹೆಸರು ಬರೆಯುತ್ತಾಳೆ, ಅಂಕಿ ಓದುತ್ತಾಳೆ. ಕ್ಯಾಲೆಂಡರ್ ನೋಡುವವರಿಗೆ ಅಂಕಿ ಬರಲೇಬೇಕಲ್ಲ. ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಕೆಳಗಿನ ಮೂಲೆ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಝೆರಾಕ್ಸನ್ನು ಎಳೆದುಕೊಂಡು ಪಕ್ಕಕ್ಕಿಟ್ಟಳು.

“ಅಕ್ಕಾರ, ಎರಡರ ಮ್ಯಾಲೂ ಒಂದ ತಾರೀಖು ಐತಲ್ರಿ.”

ನೋಡಿದೆ. ಎರಡರಲ್ಲೂ ಅದೇ ಅಮಾವಾಸ್ಯೆ. ತಾರೀಖಷ್ಟೇ ಅಲ್ಲ. ಶೀರ್ಷಿಕೆಯ ಕೆಳಗೆ ಜೋಡಿ ಗೆರೆ, ಎಡಕ್ಕೆ ಎರಡು ಬೆರಳು ಅಂಚು, ಸಹಿಯ ಜಾಗಕ್ಕೆ ಹದಿನೈದು ಚುಕ್ಕೆ. ಆಳಂದದ ಟೈಪಿಂಗ್ ಕ್ಲಾಸಿನಲ್ಲಿ ನನಗೆ ಹೊಡೆದು ಕಲಿಸಿದ್ದು ಅದು, ಈ ಬಜಾರಿನಲ್ಲಿ ಹಾಗೆ ಮಾಡುವವರು ಇನ್ನೊಬ್ಬರಿಲ್ಲ. ಅವಳ ಪಾಲು ಕಿತ್ತುಕೊಳ್ಳುವ ಕಾಗದವನ್ನು ಟೈಪ್ ಮಾಡಿದವಳು ನಾನೇ. ಆಗ ನೆನಪಾಯಿತು. ಒಂದು ಗುರುವಾರ ಇಬ್ಬರು ಗಂಡಸರು ಬೈಕಿನಲ್ಲಿ ಬಂದಿದ್ದರು. ತಂಗಿ ಮನೆಯಲ್ಲಿದ್ದಾಳೆ, ಅಲ್ಲೇ ಸಹಿ ಮಾಡಿಸಿಕೊಳ್ಳುತ್ತೇವೆ ಅಂದಿದ್ದರು. ದೊಡ್ಡವನು ನಿಮ್ಮ ಟೈಪಿಂಗ್ ಭಾರೀ ಚೊಕ್ಕ ಎಂದು ಹೊಗಳಿದ್ದ. ನಾನು ಉಬ್ಬಿ ಬೇರೇನೂ ಕೇಳಿರಲಿಲ್ಲ.

ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಅನ್ನಿಸಿತು, ಸುಳ್ಳೇಕೆ ಹೇಳಲಿ. ನನ್ನ ಹಾಳೆಯ ತಾರೀಖು ತಿದ್ದಿ, ಅದೇನೋ ಮಷೀನಿನ ದೋಷ ಎಂದು ತೇಲಿಸಿ ಕಳಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿದೆ. ಈ ಕಂಪ್ಯೂಟರಿನ ತಾರೀಖು ಸುಳ್ಳು, ಅಪ್‌ಡೇಟ್ ತಪ್ಪಿಸಲು ನಾನೇ ತಿರುಗಿಸಿದ್ದು, ನಿನ್ನ ಅಣ್ಣಂದಿರು ಬಂದದ್ದು ಅಮಾವಾಸ್ಯೆಯ ದಿನವಲ್ಲ, ಗುರುವಾರ.

“ಹಂಗಂದ್ರ ಆ ಕಾಗದ ನೀವ ಮಾಡಿ ಕೊಟ್ಟೀರಿ,” ಅಂದಳು. ಸಿಟ್ಟಿನಿಂದ ಅನ್ನಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಆಮೇಲೆ ಏನೋ ಲೆಕ್ಕ ಹಾಕಿದವಳಂತೆ ಕೇಳಿದಳು: “ಅವತ್ತು ನಾ ಬಂದಿದ್ನೇನ್ರಿ, ನಿಮ್ಮ ಅಂಗಡಿಗಿ?”

ಇಲ್ಲ ಎಂದೆ.

“ಅಷ್ಟ ಬರೀರಿ.”

ವಕೀಲರ ಕೈಕೆಳಗೆ ಆರು ವರ್ಷ ದುಡಿದವಳಿಗೆ ಹೊಳೆಯದ ಮಾತು ಅದು. ಬರೆಯುತ್ತೇನೆ ಎಂದು ಕಂಪ್ಯೂಟರಿನತ್ತ ತಿರುಗಿದೆ. ಆಗ ನನ್ನ ಎರಡನೆಯ ದಡ್ಡತನ ಮಾಡಿದೆ. ಮೊದಲು ಈ ಸುಳ್ಳು ತಾರೀಖು ತೊಲಗಲಿ ಎಂದು ಆ ಅವಸರದಲ್ಲೇ ಕಂಪ್ಯೂಟರಿನ ತಾರೀಖನ್ನು ಸರಿಯಾದ ದಿನಕ್ಕೆ ತಂದೆ. ಮೂರು ವಾರ ಬಾಯಿಮುಚ್ಚಿ ಮಲಗಿದ್ದ ಅಪ್‌ಡೇಟ್ ಎದ್ದು ಕೂತಿತು. ಈಗಲೇ ಮಾಡಲೇ, ಆಮೇಲೆ ಮಾಡಲೇ ಎಂದು ಕೇಳುವ ಚೌಕ ಬಂತು, ನನ್ನ ಬೆರಳು ಎಲ್ಲಿ ಬಿತ್ತೋ, ಪರದೆ ನೀಲಿಯಾಯಿತು. ‘ಸ್ವಲ್ಪ ತಾಳಿ, ಕಂಪ್ಯೂಟರ್ ಬಂದ್ ಮಾಡಬೇಡಿ.’ ಹತ್ತು, ಹದಿನೆಂಟು, ಇಪ್ಪತ್ತೇಳು. ಕೂತಿತು.

ಗಂಟೆ ಮೂರೂವರೆ. ನಾಲ್ಕಾದರೂ ಇಪ್ಪತ್ತೇಳು. ಬೈದೆ. ಗುಂಡಿ ಒತ್ತಿ ಆರಿಸಿದೆ, ಹಚ್ಚಿದೆ. ‘ಬದಲಾವಣೆಗಳನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ’ ಎಂದಿತು. ಪಡೆದುಕೋ, ನನ್ನ ಜೀವವನ್ನೂ ಪಡೆದುಕೋ. ಬೇವಿನ ಗಿಡದ ಕೆಳಗಿನ ಮುದುಕ ಎಲ್ಲ ಕೇಳಿಸಿಕೊಂಡು, ಬರ್ರಿ, ನಾ ಕೈಲೆ ಬರದ್ ಕೊಡ್ತೇನಿ ಅಂದ. ಅವನ ಅಕ್ಷರ ಮಳೆಗಾಲದ ಇರುವೆ ಸಾಲು, ಎರಡು ಪುಟ ಬರೆಯುವಷ್ಟರಲ್ಲಿ ಕಚೇರಿಗೆ ಬೀಗ ಬಿದ್ದಿರುತ್ತಿತ್ತು. ಬೇಡ ಅಂದೆ. ಬೇಡ ಅಂದದ್ದು ಅವಸರದಿಂದಲೂ ಹೌದು, ಅಹಂಕಾರದಿಂದಲೂ ಹೌದು.

ಆಗ ಕಣ್ಣಿಗೆ ಬಿದ್ದದ್ದು ಝೆರಾಕ್ಸ್ ಮಷೀನು. ಅದಕ್ಕೆ ಅಪ್‌ಡೇಟ್ ಇಲ್ಲ, ನೆಟ್ ಇಲ್ಲ, ತಾರೀಖಿನ ಗೊಡವೆಯಿಲ್ಲ. ಕೊಟ್ಟದ್ದನ್ನು ತೆಗೆದುಕೊಡುತ್ತದೆ, ಬಾಯಿಮಾತಿಲ್ಲ. ಬಿಳಿ ಹಾಳೆಯ ಪ್ರಿಂಟ್ ನನ್ನ ಕೈಯಲ್ಲೇ ಇತ್ತು. ಅದರ ಕೆಳಗಿನ ತಾರೀಖಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿದೆ. ಟ್ರೇಯಲ್ಲಿ ಅವಳ ಬಾಂಡ್ ಪೇಪರ್ ಇಟ್ಟು ನಕಲು ತೆಗೆದೆ. ಬಾಂಡಿನ ಮೇಲೆ ಪೂರಾ ಅಫಿಡವಿಟ್ ಬಂತು, ತಾರೀಖಿನ ಜಾಗ ಖಾಲಿ. ವರ್ಷವಿಡೀ ಹೀಯಾಳಿಸಿದ ಖಾಲಿ ಜಾಗ.

ಕೊನೆಯ ಸಾಲಿನ ಕೆಳಗೆ ಮೂರು ಬೆರಳಷ್ಟು ಜಾಗವಿತ್ತು. ಅಲ್ಲಿ ಪೆನ್ನಿನಿಂದ ಬರೆದೆ. ಸದರಿ ಒಪ್ಪಿಗೆ ಪತ್ರವನ್ನು ಟೈಪ್ ಮಾಡಿಸುವಾಗ ನಾನು ಹಾಜರಿರಲಿಲ್ಲ, ಟೈಪ್ ಮಾಡಿದವರನ್ನು ಕರೆಸಿ ಕೇಳಬಹುದು, ಎಂದು ಬರೆದು ನನ್ನ ಅಂಗಡಿಯ ವಿಳಾಸ ಹಾಕಿದೆ. ಅವಳ ಮುಖ ನೋಡಿ ಇನ್ನೊಂದು ಸಾಲನ್ನೂ ಸೇರಿಸಿದೆ: ಅದರ ಮೇಲಿನ ತಾರೀಖು ಅಮಾವಾಸ್ಯೆಯದು, ಆ ದಿನ ನಾನು ಯಾವ ಕಾಗದಕ್ಕೂ ಸಹಿ ಮಾಡುವವಳಲ್ಲ. ಎರಡು ಗಂಟೆಯ ಹಿಂದೆ ನಾನು ನಕ್ಕ ಮಾತು. ಎಷ್ಟೋ ವರ್ಷದಿಂದ ಪೆನ್ನು ಹಿಡಿಯದ ನನ್ನ ಅಕ್ಷರ ಮುದುಕನ ಅಕ್ಷರಕ್ಕಿಂತ ಕೆಟ್ಟದಾಗಿತ್ತು. ತಾರೀಖನ್ನು ಅವಳೇ ಬರೆದಳು, ಒಂದೊಂದೇ ಅಂಕಿ ಒತ್ತಿ. ನೋಟರಿ ಮಾಡಿಸಿ, ಐದಕ್ಕೆ ಐದು ನಿಮಿಷ ಇರುವಾಗ ಒಳಗೆ ಕೊಟ್ಟು ಠಸ್ಸೆ ಹಾಕಿಸಿಕೊಂಡು ಬಂದಳು.

ವಿಚಾರಣೆಗೆ ನನಗೂ ಬುಲಾವ್ ಬಂತು. ಬಜಾರಿನ ಅರ್ಧ ಜನ ಕಚೇರಿ ವರಾಂಡದಲ್ಲೇ ಇರುತ್ತಾರೆ, ಅವರೆಲ್ಲರ ಎದುರು ನನ್ನ ಅಂಗಡಿಯ ತಾರೀಖು ಸುಳ್ಳು ಎಂದು ನಾನೇ ಹೇಳಬೇಕಿತ್ತು. ಹೇಳಿದೆ. ಪತ್ರ ಟೈಪ್ ಮಾಡಿದ್ದು ನಾನು, ಅವತ್ತು ಗುರುವಾರ, ಬಂದವರು ಇವರಿಬ್ಬರೇ, ಹೆಣ್ಣುಮಗಳು ಇರಲಿಲ್ಲ. ತಾರೀಖು ತಪ್ಪು ಬಿದ್ದದ್ದು ನನ್ನ ಕಂಪ್ಯೂಟರಿನಿಂದ.

ಅಣ್ಣಂದಿರ ವಕೀಲ ನನ್ನನ್ನು ಬಿಡಲಿಲ್ಲ. ಇವರ ಕಂಪ್ಯೂಟರಿಗೇ ದಿನ ಗೊತ್ತಿಲ್ಲ, ಇನ್ನು ಇವರಿಗೆ ಗುರುವಾರ ಹೇಗೆ ನೆನಪಿರುತ್ತದೆ ಎಂದ. ಎಲ್ಲರೂ ನಕ್ಕರು. ನಾನು ಎಂಜಿನಿಯರನನ್ನು ನೋಡಿ ನಕ್ಕಂತೆ, ಅವಳನ್ನು ನೋಡಿ ನಕ್ಕಂತೆ ನಕ್ಕರು. ಇವರ ಮಾತು ಬದಿಗಿಡಿ ಸಾಹೇಬರೇ, ಪತ್ರದ ಮೇಲೆ ಯಾವ ತಾರೀಖಿದೆಯೋ ಅದೇ ಖರೆ, ಅವತ್ತೇ ನನ್ನ ಕಕ್ಷಿದಾರರ ಮನೆಯಲ್ಲಿ ಅಣ್ಣ ತಂಗಿ ಕೂಡಿ ಕೂತು ಮಾಡಿದ ಪತ್ರ ಇದು, ಎಂದ.

ದೊಡ್ಡಣ್ಣ ಪಕ್ಕದಲ್ಲೇ ನಿಂತಿದ್ದ. ಬಿಳಿ ಅಂಗಿ, ಹಣೆಗೆ ವಿಭೂತಿ. ಆ ತಾರೀಖಿಗೆ ತನ್ನ ಮನೆಯಲ್ಲಿ ಪತ್ರ ಮಾಡಿದರೆಂಬ ಮಾತು ಕಿವಿಗೆ ಬಿದ್ದದ್ದೇ ತಡ, ತನ್ನ ವಕೀಲನ ಕಡೆಗೇ ತಿರುಗಿದ.

“ಅಮಾಸಿ ದಿನ ನಮ್ಮ ಮನ್ಯಾಗ ಯಾರೂ ಕಾಗದಕ್ಕ ಕೈ ಹಚ್ಚಂಗಿಲ್ರಿ.”

ವಕೀಲ ಅವನ ತೋಳು ಹಿಡಿದ. ಹೊತ್ತು ಮೀರಿತ್ತು. ಹಾಗಾದರೆ ಸಹಿ ಯಾವತ್ತು, ಎಲ್ಲಿ, ಯಾರ ಎದುರು ಆಯಿತು ಎಂದು ಸಾಹೇಬರು ಕೇಳಿದರು. ದೊಡ್ಡಣ್ಣ ತಮ್ಮನ ಮುಖ ನೋಡಿದ, ತಮ್ಮ ತನ್ನ ಮೊಬೈಲ್ ನೋಡಿದ. ತಂಗಿಯ ಮಾತನ್ನು ಅಣ್ಣನೇ ಆಡಿ ಮುಗಿಸಿದ್ದ. ಒಪ್ಪಿಗೆ ಪತ್ರ ಬದಿಗೆ ಸರಿಯಿತು, ಹೊಲದ ಖಾತೆಯಲ್ಲಿ ಮೂವರ ಹೆಸರೂ ಬಂತು.

ನನ್ನ ಗಿರಾಕಿಗಳು ಕೆಲವರು ಅವತ್ತಿನಿಂದ ಬೇವಿನ ಗಿಡದ ಕೆಳಗೆ ಹೋದರು. ಹೋಗಬೇಕಾದದ್ದೇ. ಆ ಮೂರು ವಾರದಲ್ಲಿ ನನ್ನ ಅಂಗಡಿಯಿಂದ ಇನ್ನೆಷ್ಟು ಅಮಾವಾಸ್ಯೆ ಹೊರಗೆ ಹೋಗಿವೆಯೋ ಎಂದು ಹುಡುಕಿ ಹುಡುಕಿ ಒಬ್ಬೊಬ್ಬರಿಗೆ ಹೇಳಿ ಕಳಿಸಿದೆ, ಬೈಸಿಕೊಂಡೆ. ಅಪ್‌ಡೇಟ್ ಅವಳು ತಕರಾರು ಕೊಟ್ಟ ಮೂರನೆಯ ದಿನವೇ ತಾನಾಗಿ ಮುಗಿದಿತ್ತು. ‘ಎಲ್ಲವೂ ಸಿದ್ಧ, ಕಾದಿದ್ದಕ್ಕೆ ಧನ್ಯವಾದ’ ಎಂದು ಬರೆದುಕೊಂಡು ನಿಂತಿತ್ತು, ನಿರ್ಲಜ್ಜ.

ಮೊನ್ನೆ ಅವಳು ಮತ್ತೆ ಬಂದಿದ್ದಳು. ಹೊಲವನ್ನು ಅಳತೆ ಮಾಡಿಸಬೇಕು, ಅರ್ಜಿ ಬೇಕು. ಇಷ್ಟೆಲ್ಲ ಆದ ಮೇಲೂ ನನ್ನ ಬಳಿಗೇ ಬಂದಳಲ್ಲ ಎಂದು ಸ್ಟೂಲು ಒರೆಸಿ ಕೊಟ್ಟೆ. ಚಹಾ ತರಿಸಿದೆ, ಈಗ ಕಂಪ್ಯೂಟರಿನ ತಾರೀಖು ಸರಿಯಾಗಿದೆ, ನೋಡು ಎಂದು ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದೆ. ಅವಳು ಪರದೆ ನೋಡಿದಳು, ಗೋಡೆಯ ಕ್ಯಾಲೆಂಡರ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಇರ್ಲಿ ಬಿಡ್ರಿ ಅಕ್ಕಾರ,” ಅಂದಳು. “ತಾರೀಖಿನ ಜಾಗ ಖಾಲಿ ಬಿಡ್ರಿ. ನಾನ ಬರಕೊಂತೇನಿ.”

ಖಾಲಿ ಬಿಟ್ಟುಕೊಟ್ಟೆ.